ಮೊದಲ ಸಂಚಿಕೆಯ ತೋಳುಗಳು

ಆಫೀಸಿನಲ್ಲಿ ಅವಳನ್ನು ಎಲ್ಲರೂ ಗೆರೆಯಕ್ಕ ಅಂತಲೇ ಕರೆಯುತ್ತಿದ್ದರು. ಪುಟದಲ್ಲಿ ಒಂದು ಗೆರೆ ಎಳ್ಳಷ್ಟು ಸೊಟ್ಟಗಿದ್ದರೂ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಆ ಪ್ರಕಾಶನದ ಹೆಂಗಸರ ಮಾಸಿಕದ ಪುಟ ಕಟ್ಟಿದವಳು. ಕಥೆ, ಹೊಲಿಗೆಯ ನಮೂನೆ, ಮಕ್ಕಳ ಕೆಮ್ಮಿಗೆ ಏನು ಮಾಡಬೇಕು ಅನ್ನುವ ಅಂಕಣ, ಇಷ್ಟೇ ಅದರಲ್ಲಿ. ಓದುವವರಿಗೆ ವಯಸ್ಸಾಗಿ ಒಬ್ಬೊಬ್ಬರೇ ಕಳಚಿಕೊಂಡ ಮೇಲೆ ಯಜಮಾನರು ಅದನ್ನು ನಿಲ್ಲಿಸಿ, ಹರೆಯದ ಹುಡುಗಿಯರಿಗಾಗಿ ಹೊಸ ಫ್ಯಾಷನ್ ಪತ್ರಿಕೆ ತರುತ್ತೇವೆ ಅಂದರು.

ಗೆರೆಯಕ್ಕನಿಗೆ ನಿಜಕ್ಕೂ ಖುಷಿಯಾಯಿತು. ಕೆಮ್ಮಿನ ಅಂಕಣ ಕಟ್ಟಿ ಕಟ್ಟಿ ಅವಳಿಗೇ ಕೆಮ್ಮು ಬರುವಂತಾಗಿತ್ತು. ಪತ್ರಿಕೆಯ ಹೆಸರನ್ನು ಆರು ಬಗೆಯ ಅಕ್ಷರಗಳಲ್ಲಿ ಬರೆದು ನೋಡಿದಳು. ಕೈಗೆ ಜಾರದ, ಬೆಳಕಿಗೆ ಮಿನುಗದ ಕಾಗದ ಹುಡುಕಿದಳು. ತೊಂಬತ್ತಾರು ಪುಟವಾಗುವಂತೆ ಖಾಲಿ ಹಾಳೆಗಳನ್ನು ಮಡಚಿ ಹೊಲಿದು ಮಾದರಿ ಪ್ರತಿ ಮಾಡಿ, ಯಾವ ಪುಟದಲ್ಲಿ ಏನು ಅಂತ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾ ಹೋದಳು. ಎಡಗಡೆ ಹೊಲಿಗೆಯ ನಮೂನೆ, ಬಲಗಡೆ ಚಿತ್ರ, ನಡುವೆ ಉಸಿರಾಡಲು ಜಾಗ.

ಹೊಸ ಸಂಪಾದಕಿ ಹೊರಗಿನಿಂದ ಬಂದವಳು. ಮೆಲುದನಿ. ಮಾತಾಡುವಾಗ ಎದುರಿನವರ ಹೆಗಲ ಮೇಲೆ ಎರಡು ಬೆರಳು ಇಡುತ್ತಿದ್ದಳು. ಪುಟ ತುಂಬುವ ಮೊದಲು ಹುಡುಗಿಯರ ಬಾಯಲ್ಲೇ ಕೇಳೋಣ ಅಂತ ಒಂದು ಶನಿವಾರ ಬೆಳಿಗ್ಗೆ ಹನ್ನೆರಡು ಹುಡುಗಿಯರನ್ನು ಕರೆಸಿದಳು. ಆ ಹನ್ನೆರಡು ಮಂದಿಯಲ್ಲಿ ಒಬ್ಬಳಾಗಿ ಗೆರೆಯಕ್ಕ ತನ್ನ ತಂಗಿಯ ಮಗಳನ್ನು ಕರೆತಂದಳು. ಹದಿನೇಳರ ಹುಡುಗಿ. ತಂಗಿ ಮಹಡಿಯ ಮೇಲಿನ ಮನೆಯಲ್ಲೇ ಇದ್ದುದರಿಂದ ಮಗು ಬೆಳೆದದ್ದೆಲ್ಲ ದೊಡ್ಡಮ್ಮನ ಸೊಂಟದ ಮೇಲೆಯೇ. ತನ್ನವಳು ಅಂತ ಯಾರಿಗೂ ಹೇಳಲಿಲ್ಲ. ಆಫೀಸಿನಲ್ಲಿ ನೆಂಟಸ್ತಿಕೆ ಬೇಡ ಅನ್ನಿಸಿತ್ತು.

ಹುಡುಗಿಯರು ಮೊದಲು ಬಿಸ್ಕತ್ತಿನ ಕಡೆಗೇ ನೋಡುತ್ತಾ ಕೂತಿದ್ದರು. ಆಮೇಲೆ ಬಾಯಿ ಬಿಟ್ಟರು. ಉಡುಪಿಗೆ ಜೇಬು ಯಾಕಿರುವುದಿಲ್ಲ ಅಂತ ಒಬ್ಬಳು ಕೇಳಿದಳು. ಕಾಲು ಕಚ್ಚದ ಚಪ್ಪಲಿ ಬೇಕು ಅಂದಳು ಇನ್ನೊಬ್ಬಳು. ಅಮ್ಮನ ಹಳೇ ಕೋಟನ್ನು ತನ್ನ ಅಳತೆಗೆ ಇಳಿಸುವುದು ಹೇಗೆ, ಬಟ್ಟೆಯ ಮೇಲಿನ ಬೆವರಿನ ಕಲೆ ಹೋಗಿಸುವುದು ಹೇಗೆ, ಕೈ ಎಲ್ಲೆಲ್ಲೋ ಇಡುವ ದರ್ಜಿಗೆ ಏನು ಹೇಳಬೇಕು. ಗೆರೆಯಕ್ಕ ಹನ್ನೊಂದು ಹಾಳೆ ತುಂಬಾ ಬರೆದುಕೊಂಡಳು. ನೆನಪಿಗಿರಲಿ ಅಂತ ಛಾಯಾಗ್ರಾಹಕ ಮೂಲೆಯಲ್ಲಿ ನಿಂತು ಕ್ಲಿಕ್ ಕ್ಲಿಕ್ ಅನ್ನಿಸುತ್ತಲೇ ಇದ್ದ.

ಸೋಮವಾರದ ಸಭೆಗೆ ಅವಳು ಆ ಹಾಳೆಗಳನ್ನು ಒಯ್ದಳು. ಸಂಪಾದಕಿ ಅವನ್ನು ಮಗುಚಿ ಪಕ್ಕಕ್ಕಿಟ್ಟಳು.

"ಅವರು ಹೇಳಿದ್ದು ಬಿಡಿ ಗೆರೆಯಕ್ಕ. ಹೇಳದೇ ಇದ್ದದ್ದನ್ನ ನೋಡಿದ್ರಾ?"

ಗೋಡೆಯ ಮೇಲೆ ಹನ್ನೆರಡು ಫೋಟೋ ಅಂಟಿಸಿದ್ದಳು. ನಗುವಾಗ ಹಲ್ಲಿಗೆ ಕೈ ಅಡ್ಡ ಹಿಡಿದವಳು. ಹೊಟ್ಟೆಯ ಮೇಲೆ ಚೀಲ ಇಟ್ಟುಕೊಂಡೇ ಕೂತವಳು. ಕುತ್ತಿಗೆಯನ್ನು ಕೂದಲಲ್ಲಿ ಮುಚ್ಚಿಕೊಂಡವಳು.

"ಇವಳನ್ನ ನೋಡಿ," ಅಂತ ತಂಗಿಯ ಮಗಳ ಫೋಟೋದ ಮೇಲೆ ಬೆರಳಿಟ್ಟಳು. "ಒಂದೂವರೆ ಗಂಟೇಲಿ ಹದಿನೇಳು ಸಲ ಅಂಗಿ ತೋಳು ಕೆಳಗೆ ಎಳ್ಕೊಂಡ್ಳು. ನಾನು ಎಣಿಸ್ದೆ. ಕೈ ತುಂಬಾ ಕೂದಲು, ಅದಕ್ಕೆ. ಹನ್ನೆರಡು ಹುಡುಗೀರು, ಹನ್ನೆರಡು ತಿಂಗಳು. ತಿಂಗಳಿಗೊಂದು ಅಂಗ. ಮೊದಲನೇದು ತೋಳು."

ಜಾಹೀರಾತು ವಿಭಾಗದವನು ತಲೆದೂಗಿದ. "ತುರಿಕೆ ಇದ್ರೆ ತಾನೇ ಮುಲಾಮು ಖರ್ಚಾಗೋದು," ಅಂದ. ಎಲ್ಲರೂ ನಕ್ಕರು. "ತುರಿಕೆ ಇಲ್ದಿದ್ರೆ ನಾವೇ ಸ್ವಲ್ಪ ಕೆರೆದು ಕೊಡೋಣ."

ಅದು ನನ್ನ ತಂಗಿ ಮಗಳು ಅನ್ನಲು ಗೆರೆಯಕ್ಕ ಬಾಯಿ ತೆರೆದಳು. ಅಷ್ಟರಲ್ಲಿ ಮಾತು ಮುಂದಿನ ತಿಂಗಳ ಕುತ್ತಿಗೆಗೆ ಹೋಗಿತ್ತು.

ಗುರುವಾರ ಹದಿನಾಲ್ಕನೇ ಪುಟದ ಸಾಮಗ್ರಿ ಅವಳ ಮೇಜಿಗೆ ಬಂತು. ತಲೆಬರಹ: "ತೋಳು ಮುಚ್ಚಿಡುವ ದಿನ ಮುಗಿಯಿತು." ಕೆಳಗೆ ಎರಡು ಚೌಕ, "ಮೊದಲು" ಮತ್ತು "ಆಮೇಲೆ". ಮೊದಲಿನದಕ್ಕೆ ಚಿತ್ರವಿತ್ತು. ಮುಖ ಕತ್ತರಿಸಿ ತೆಗೆದ ಬರೀ ಮುಂಗೈ, ಬಿಸ್ಕತ್ತಿಗೆ ಚಾಚುವಾಗ ಅಂಗಿಯ ತೋಳು ಮೇಲೆ ಸರಿದದ್ದು. ಮೊಣಕೈ ಕೆಳಗೆ ಸಾಸಿವೆ ಕಾಳಿನಷ್ಟು ಮಚ್ಚೆ. ಆ ಮಚ್ಚೆಗೆ ಸೋಪು ಹಚ್ಚಿ ಎಷ್ಟು ವರ್ಷ ಮೀಯಿಸಿದ್ದಳೋ ಲೆಕ್ಕವಿಲ್ಲ. ಆಮೇಲಿನ ಚೌಕ ಖಾಲಿ. ಪಕ್ಕದ ಚೀಟಿಯಲ್ಲಿ, "ಇದೇ ಕೈಯನ್ನು ನೀವೇ ನುಣುಪು ಮಾಡಿ" ಅಂತ ಬರೆದಿತ್ತು.

ಅವಳು ಮಾಡಿದಳು. ಅದನ್ನು ಆಮೇಲೆ ಯಾರಿಗೆ ಹೇಳುವಾಗಲೂ ಅವಳು ಮುಚ್ಚಿಡಲಿಲ್ಲ. ಹತ್ತೊಂಬತ್ತು ವರ್ಷದ ಅಭ್ಯಾಸ. ಮನಸ್ಸು ಬೇಡ ಅನ್ನುವ ಮೊದಲೇ ಕೈ ಕೆಲಸ ಮುಗಿಸಿರುತ್ತದೆ. ಕಂಪ್ಯೂಟರಿನ ಪರದೆಯ ಮೇಲೆ ಕೈ ಹಿಗ್ಗಿಸಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದೊಂದನ್ನೇ ತೆಗೆದಳು. ಬಣ್ಣ ಎರಡು ಮೆಟ್ಟಿಲು ತಿಳಿ ಮಾಡಿದಳು. ಮಚ್ಚೆಯೂ ಅಳಿಸಿಹೋಯಿತು. ಹಿಂದೆ ಸರಿದು ನೋಡಿದಳು. ಪುಟ ಚೆನ್ನಾಗಿ ಬಂದಿದೆ ಅನ್ನಿಸಿತು. ಹಾಗೆ ಅನ್ನಿಸಿದ ಮರುಕ್ಷಣವೇ ಬಚ್ಚಲಿಗೆ ಓಡಿ ತೊಟ್ಟಿಯ ಮುಂದೆ ಬಗ್ಗಿದಳು. ಬಾಯಲ್ಲಿ ಕಹಿ ನೀರು ಬಿಟ್ಟರೆ ಏನೂ ಬರಲಿಲ್ಲ. ಎರಡು ಸಲ ಕೈ ತೊಳೆದಳು. ಕೈಯಿಂದ ಏನೋ ಅಂಟು ಹೋಗಲೇ ಇಲ್ಲ ಅನ್ನಿಸಿತು.

ಸಂಜೆ ಮನೆಗೆ ಹೋಗಿ ಮಹಡಿ ಹತ್ತಿದಳು. ತಂಗಿ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಹುಡುಗಿ ಬಟ್ಟೆ ಮಡಚುತ್ತಿದ್ದಳು. ಗೆರೆಯಕ್ಕ ಸುತ್ತಿಬಳಸದೆ ಎಲ್ಲವನ್ನೂ ಹೇಳಿದಳು. ಹುಡುಗಿ ಮಡಚುವುದನ್ನು ನಿಲ್ಲಿಸಲಿಲ್ಲ.

"ಆಮೇಲೆ ಅಂತ ಇರೋದು ಯಾರ ಕೈ?"

"ನಿಂದೇ."

"ಅದ್ಹೇಗೆ?"

"ನಾನೇ ಅಳಿಸಿದೆ."

ಹುಡುಗಿ ಅಂಗಿಯ ತೋಳು ಮೇಲೆ ಸರಿಸಿ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡಳು. "ಮಚ್ಚೇನೂನಾ?"

"ಹೂಂ."

"ಕೂದಲು ಸರಿ. ಮಚ್ಚೆ ಏನು ಮಾಡಿತ್ತು ದೊಡ್ಡಮ್ಮ?"

ಹುಡುಗಿ ತೋಳನ್ನು ಬೆರಳ ಬುಡದವರೆಗೆ ಎಳೆದುಕೊಂಡು ಇನ್ನೊಂದು ಅಂಗಿ ಕೈಗೆತ್ತಿಕೊಂಡಳು.

ಮಾರನೇ ದಿನ ಅವಳು ಸಂಪಾದಕಿಯ ಬಳಿ ಹೋಗಿ, ಅದು ನಮ್ಮ ಮನೆ ಹುಡುಗಿ, ಆ ಚಿತ್ರ ತೆಗೆಯಿರಿ ಅಂದಳು. ದೊಡ್ಡ ಜಗಳಕ್ಕೇ ಸಿದ್ಧಳಾಗಿದ್ದಳು. ಜಗಳವೇ ಆಗಲಿಲ್ಲ.

"ಅಯ್ಯೋ, ಮೊದಲೇ ಹೇಳ್ಬಾರ್ದಿತ್ತಾ," ಅಂದಳು ಸಂಪಾದಕಿ, ಹೆಗಲ ಮೇಲೆ ಎರಡು ಬೆರಳಿಟ್ಟು. ಗೋಡೆಯಿಂದ ಇನ್ನೊಂದು ಫೋಟೋ ಕಿತ್ತಳು. ಜೇಬಿನ ಬಗ್ಗೆ ಕೇಳಿದ್ದ ಹುಡುಗಿಯದು. "ಇವಳದ್ದು ಹಾಕಿ. ಇನ್ನೂ ಚೆನ್ನಾಗಿದೆ. ಅಂದ್ರೆ, ಇನ್ನೂ ಕೆಟ್ಟದಾಗಿದೆ."

ಗೆರೆಯಕ್ಕನಿಗೆ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಥ್ಯಾಂಕ್ಸ್ ಕೂಡ ಹೇಳಿದಳು. ಮೇಜಿಗೆ ಬಂದು ಹೊಸ ಕೈಯನ್ನು ಪರದೆಯ ಮೇಲೆ ತೆರೆದು, ಅರ್ಧ ಕೂದಲು ತೆಗೆದಿದ್ದಳು. ಆ ಕೈಯಲ್ಲಿ ಮಣಿಕಟ್ಟಿನ ಹತ್ತಿರ ಪೆನ್ನಿನಲ್ಲಿ ಬರೆದುಕೊಂಡ ಯಾವುದೋ ಬಸ್ಸಿನ ನಂಬರಿತ್ತು. ದಾರಿ ತಪ್ಪದೆ ಇಲ್ಲಿಗೆ ಬರಬೇಕೆಂದು ಬರೆದುಕೊಂಡದ್ದು. ಗೆರೆಯಕ್ಕ ಅದನ್ನೂ ಅಳಿಸಲು ಹೋದಳು, ಬೆರಳು ನಿಂತಿತು. ನಮ್ಮನೆ ಕೂಸನ್ನು ಬಾವಿಯಿಂದ ಎತ್ತಿ ಪಕ್ಕದ ಮನೆ ಕೂಸನ್ನು ದೂಡಿದೆ, ಮೇಲಿಂದ ಥ್ಯಾಂಕ್ಸ್ ಬೇರೆ ಹೇಳಿದೆ. ಸಂಪಾದಕಿಯ ಮೇಲೆ ಬಂದಿದ್ದ ಹೇಸಿಗೆ ಈಗ ತನ್ನ ಮೇಲೆ ಬಂದದ್ದರ ಮುಂದೆ ಏನೇನೂ ಅಲ್ಲ. ತನ್ನ ಮೈಯನ್ನು ತಾನೇ ಕಳಚಿ ಎಲ್ಲಾದರೂ ಒಗೆಯಬೇಕು ಅನ್ನಿಸಿತು.

ಶನಿವಾರ ಬಂದಿದ್ದವರ ಹೆಸರು, ಮನೆಯ ಫೋನ್ ನಂಬರು ಬರೆದ ಹಾಳೆ ಕಪಾಟಿನಲ್ಲಿತ್ತು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಆಫೀಸಿನ ಫೋನಿನಿಂದಲೇ ಹನ್ನೊಂದೂ ಮನೆಗೆ ಫೋನ್ ಮಾಡಿದಳು. ನಿಮ್ಮ ಮಗಳ ಕೈಯೋ, ಹಲ್ಲೋ, ಕುತ್ತಿಗೆಯೋ ಪತ್ರಿಕೆಯಲ್ಲಿ ಬರುತ್ತದೆ, ಹೀಗಿದ್ದರೆ ಅಸಹ್ಯ ಅಂತ ತೋರಿಸಲು ಬರುತ್ತದೆ, ನಿಮ್ಮನ್ನು ಯಾರೂ ಕೇಳಿಲ್ಲ. ಒಬ್ಬರು ಪೂರ್ತಿ ಕೇಳದೆ ಫೋನ್ ಇಟ್ಟರು. ಒಬ್ಬ ತಂದೆ, "ಪತ್ರಿಕೇಲಿ ಬರ್ತಾಳಾ? ಹಾಗಾದ್ರೆ ಮುಖ ಯಾಕೆ ಹಾಕಲ್ಲ?" ಅಂತ ಬೇಜಾರು ಮಾಡಿಕೊಂಡ. ಒಬ್ಬಳು ತಾಯಿ, "ಅವಳು ಶನಿವಾರದಿಂದ ನಿಮ್ಮ ಆಫೀಸಿನ ಸುದ್ದೀನೇ ಹೇಳ್ತಿದ್ಳು," ಅಂದಳು.

ಮರುದಿನ ಬೆಳಿಗ್ಗೆ ಮೂವರು ತಾಯಂದಿರು ಬಂದರು. ಜೇಬಿನ ಹುಡುಗಿಯ ತಾಯಿ ಆಸ್ಪತ್ರೆಯ ಆಯಾ, ಅಗಲ ಭುಜದ ಹೆಂಗಸು. ಯಾರೂ ಕೂರಿ ಅನ್ನದಿದ್ದಾಗ ಸಂಪಾದಕಿಯ ಕುರ್ಚಿಯಲ್ಲೇ ಕೂತು, "ಮೊದಲು ನಿಮ್ಮ ಕೈ ತೋರಿಸಿ, ನೋಡೋಣ," ಅಂದಳು. ಸಂಪಾದಕಿ ಕೈಯನ್ನು ಬೆನ್ನ ಹಿಂದೆ ಸರಿಸಿದಳು. ಉಳಿದ ಫೋಟೋಗಳೆಲ್ಲ ಗೋಡೆಯಿಂದ ಇಳಿದವು.

ಯಜಮಾನರು ಗೆರೆಯಕ್ಕನನ್ನು ಕರೆಸಿದರು. ಅವರಿಗೆ ಸಿಟ್ಟಿಗಿಂತ ಬೇಸರವೇ ಹೆಚ್ಚು. "ಉಂಡ ಮನೆಗೆ ಎರಡು ಬಗೆದೆಯಲ್ಲಮ್ಮ."

"ಉಂಡದ್ದೆಲ್ಲ ವಾಂತಿ ಬರೋ ಹಾಗಾಗಿದೆ ಯಜಮಾನ್ರೇ," ಅಂದಳು ಅವಳು. ಸಂಜೆಯೊಳಗೆ ಮೇಜು ಖಾಲಿ ಮಾಡಿ ಬಂದಳು. ಮೂರು ವಾರ ಕಳೆದ ಮೇಲೆ ಔಷಧಿ ಡಬ್ಬಿಗಳ ಮೇಲಿನ ಕಾಗದ ಮುದ್ರಿಸುವ ಪ್ರೆಸ್ಸಿನಲ್ಲಿ ಕೆಲಸ ಸಿಕ್ಕಿತು. ದಿನಕ್ಕೆ ಎರಡು, ಎಷ್ಟು ಚಮಚ, ಎಲ್ಲಿಡಬೇಕು.

ಪತ್ರಿಕೆ ಹೇಳಿದ ತಿಂಗಳಿಗೇ ಬಂತು. ಬಿಸಿ ದೋಸೆಯ ಹಾಗೆ ಖರ್ಚಾಯಿತು ಅಂತ ಹಳೇ ಆಫೀಸಿನವರು ಹೇಳಿದರು. ಒಂದು ಭಾನುವಾರ ತಂಗಿಯ ಮಗಳು ಗೆಳತಿಯಿಂದ ಅದನ್ನು ಇಸಿದುಕೊಂಡು ಕೆಳಗಿಳಿದು ಬಂದಳು. ಬೇಸಿಗೆಯ ಸೆಕೆಯಲ್ಲೂ ತುಂಬುತೋಳಿನ ಅಂಗಿ. ಹದಿನಾಲ್ಕನೇ ಪುಟ ತೆರೆದು ದೊಡ್ಡಮ್ಮನ ಮುಂದೆ ಇಟ್ಟಳು. ಅದೇ ತಲೆಬರಹ, ಅವೇ ಎರಡು ಚೌಕ.

"ಇದು ನಂದಲ್ಲ. ಆ ಜೇಬಿನವಳದ್ದೂ ಅಲ್ಲ. ಯಾರದ್ದು?"

"ಎಲ್ಲಿಂದಲೋ ಕೊಂಡಿರ್ತಾರೆ. ಫೋಟೋ ಮಾರೋ ಕಂಪನಿಗಳಿರ್ತವೆ."

"ಅವಳಿಗೆ ಗೊತ್ತಿರತ್ತಾ?"

"ಗೊತ್ತಿರ್ಲಿಕ್ಕಿಲ್ಲ."

ಇಬ್ಬರೂ ಆ ಕೈಯನ್ನು ನೋಡುತ್ತಾ ಕೂತರು. ತೆಳ್ಳನೆಯ, ಗೋಧಿ ಬಣ್ಣದ, ಸಾಧಾರಣ ಕೈ. ಎಲ್ಲೂ ಏನೂ ಆಗಿರಲಿಲ್ಲ ಅದಕ್ಕೆ. ಗೆರೆಯಕ್ಕನಿಗೆ ಮತ್ತೆ ಬಾಯಲ್ಲಿ ಕಹಿ ನೀರು ಬಂತು. ಎದ್ದು ಹೋಗಿ ಉಗಿದು, ಬಾಯಿ ಮುಕ್ಕಳಿಸಿ ಬಂದಳು. ಅಷ್ಟು ಹೊತ್ತಿಗೆ ಹುಡುಗಿ ಹಾಳೆ ಮಗುಚಿ, ಮುಂದಿನ ತಿಂಗಳು ಯಾವ ಅಂಗ ಅಂತ ಓದುತ್ತಿದ್ದಳು. ಅವಳ ಎಡಗೈ ಅವಳಿಗೇ ತಿಳಿಯದ ಹಾಗೆ ಕುತ್ತಿಗೆಯನ್ನು ಮುಟ್ಟಿ ನೋಡಿಕೊಳ್ಳುತ್ತಿತ್ತು.