ಮೊಟ್ಟೆ ಸಾಹೇಬರ ಏಳು ದೀಪಗಳು

ದ್ವಾರಕನಾಥರ ವಿಮಾನವನ್ನು ಮಂತ್ರಾಲಯದ ರಾಯರು ಸ್ವತಃ ನೆಲಕ್ಕಿಳಿಸಿದ ಕಥೆಗೆ ಆ ವರ್ಷ ನಲವತ್ತಮೂರು ತುಂಬಿತ್ತು. ಕಥೆಯ ಆರೋಗ್ಯ ಅವರದಕ್ಕಿಂತ ಚೆನ್ನಾಗಿತ್ತು. ಅವರಿಗೆ ಮಂಡಿನೋವು, ಒಂದು ಕಣ್ಣಿಗೆ ಪೊರೆ. ಕಥೆ ಮಾತ್ರ ವರ್ಷದಿಂದ ವರ್ಷಕ್ಕೆ ಮೈತುಂಬಿಕೊಳ್ಳುತ್ತ, ಈಗ ಮಗ ಮಧ್ವೇಶನ ಮನೆಯ ನೆಪದಲ್ಲಿ ಸಿಂಗಪುರದ ಬುಕಿತ್ ಬಾಟೋಕ್‌ವರೆಗೂ ಬಂದಿತ್ತು.

ಮೂಲದಲ್ಲಿ ಅದು ತೆಳ್ಳಗಿನ ಕಥೆ. ಎಪ್ಪತ್ತೊಂದರ ಯುದ್ಧ, ಡಿಸೆಂಬರ್, ಕೃಷ್ಣಪಕ್ಷದ ಏಕಾದಶಿ. ಇಪ್ಪತ್ತೇಳರ ದ್ವಾರಕನಾಥರು ಪಶ್ಚಿಮ ಗಡಿಯ ನೆಲೆಯೊಂದರಲ್ಲಿ ರಾತ್ರಿ ಹಾರುವ ಫೈಟರ್ ಪೈಲಟ್. ಕತ್ತಲಲ್ಲಿ ಒಬ್ಬರೇ ಮೇಲೇರಿ ಶತ್ರುವಿನ ಬಾಂಬರುಗಳನ್ನು ಹುಡುಕುವುದು ಕೆಲಸ. ಸಮವಸ್ತ್ರದೊಳಗೆ ಜನಿವಾರ, ಹಣೆಯಲ್ಲಿ ಗೋಪೀಚಂದನ, ಹೊಟ್ಟೆಯಲ್ಲಿ ಉಪವಾಸ. ಜೊತೆಯವರು ಅವರನ್ನು ಪಂಡಿತ್‌ಜಿ ಎನ್ನುತ್ತಿದ್ದರು. ಮನುಷ್ಯರನ್ನು ಹೊಡೆದುರುಳಿಸಲು ಹೊರಡುವ ಮುನ್ನ ತಪ್ಪದೆ ಸಂಧ್ಯಾವಂದನೆ ಮಾಡುವ, ಆದರೆ ಮೊಟ್ಟೆ ತಿನ್ನುವುದು ಮಹಾಪಾಪವೆಂದು ನಂಬಿದವನನ್ನು ಮತ್ತೇನೆಂದು ಕರೆಯಬೇಕು.

ಆ ರಾತ್ರಿ ರೇಡಿಯೊ ಸತ್ತಿತು. ಇಂಧನ ನಾಲ್ಕೇ ನಿಮಿಷಕ್ಕಾಗುವಷ್ಟಿತ್ತು. ದಾಳಿಯ ಎಚ್ಚರಿಕೆ ಬಂದಿದ್ದರಿಂದ ಕೆಳಗೆ ಇಡೀ ನೆಲೆ ಕಪ್ಪು. ಅಪ್ಪಣೆಯಿಲ್ಲದೆ ರನ್‌ವೇಯಲ್ಲಿ ದೀಪ ಹಚ್ಚಿದವನಿಗೆ ಶಿಕ್ಷೆ. ದ್ವಾರಕನಾಥರು ರಾಯರನ್ನು ನೆನೆದರು. ಒಂದು ದೀಪ ಹೊತ್ತಿತು. ಇನ್ನೊಂದು. ಹೀಗೆ ಏಳು ಸೀಮೆಎಣ್ಣೆ ದೀಪಗಳ ಒಂದು ಸಾಲು. ಇಳಿದರು.

ಇಷ್ಟೇ. ಇದಕ್ಕೆ ಜರತಾರಿ ನೇಯ್ದವರು ಪತ್ನಿ ಜಲಜಾ. ಮೊದಲು ಕಾವಿಬಟ್ಟೆಯ ಅಂಚೊಂದು ಕಂಡಿತು. ಕೆಲವು ವರ್ಷಗಳ ನಂತರ ಮುಚ್ಚಿದ ಕಾಕ್‌ಪಿಟ್ಟನ್ನು ತೂರಿ ತುಳಸಿಯ ಪರಿಮಳ ಬಂತು. ಇತ್ತೀಚೆಗೆ ಪಾದುಕೆಯ ಸದ್ದೂ ಕೇಳಿಸತೊಡಗಿತ್ತು, ಜೆಟ್ ಎಂಜಿನ್ನಿನ ಅಬ್ಬರವನ್ನು ಮೀರಿ. ಗಂಡನನ್ನು ಉಳಿಸಿಕೊಟ್ಟದ್ದಕ್ಕಾಗಿ ಆಕೆ ಮದುವೆಯಾದಂದಿನಿಂದ ಪ್ರತಿ ಗುರುವಾರ ಒಪ್ಪೊತ್ತು ಊಟ ಮಾಡುತ್ತಿದ್ದರು.

ಒಂಬತ್ತು ವರ್ಷದ ಮೊಮ್ಮಗಳು ಶ್ರೀಯಾ ಮಾತ್ರ ಕಥೆ ಕೇಳಿ ಹುಬ್ಬು ಗಂಟಿಕ್ಕಿದ್ದಳು.

“ತಾತ, ರಾಯರಿಗೆ ಮ್ಯಾಚ್‌ಬಾಕ್ಸ್ ಯಾರು ಕೊಟ್ರು?”

“ದೇವರಿಗೆ ಅದೆಲ್ಲ ಬೇಡ ಪುಟ್ಟಿ.”

“ಮತ್ತೆ ಕೆರೋಸಿನ್ ಲ್ಯಾಂಪ್ ಯಾಕೆ? ಡೈರೆಕ್ಟಾಗಿ ರನ್‌ವೇ ಲೈಟ್ಸೇ ಆನ್ ಮಾಡಬಹುದಿತ್ತು ಲಾ,” ಎಂದಳು, ಸಿಂಗಪುರದ ಮಕ್ಕಳಂತೆ ಕೊನೆಗೊಂದು ‘ಲಾ’ ಸೇರಿಸಿ.

ಉತ್ತರ ದ್ವಾರಕನಾಥರಲ್ಲಿತ್ತು. ಅದೊಂದು ಬೆನ್ನು. ವಿಮಾನದ ಓಟ ನಿಧಾನವಾಗುವಾಗ ಕೊನೆಯ ದೀಪದ ಬಳಿ ಅದನ್ನು ಕಂಡಿದ್ದರು: ಹರಿದ ಸ್ವೆಟರು, ತುಸು ಎಡಕ್ಕೆ ವಾಲಿದ ಹೆಗಲು, ಕೈಯಲ್ಲಿ ಗಿಂಡಿಯಂಥ ಉದ್ದ ಮೂತಿಯ ಸೀಮೆಎಣ್ಣೆ ದೀಪ. ಬೆನ್ನು ದೀಪಗಳನ್ನು ಆರಿಸುತ್ತ ಓಡುತ್ತಿತ್ತು. ಮರುದಿನ ಕಮಾಂಡರು ದೀಪ ಹಚ್ಚಿದ್ದು ಯಾರೆಂದು ಕೇಳಿದಾಗ ಇವರು, “ನನ್ನ ಗುರುಗಳು ಸರ್,” ಎಂದಿದ್ದರು. ಎರಡು ದಿನದ ಬಳಿಕ ಯಾರಿಗೋ ಹದಿನಾಲ್ಕು ದಿನ ಸೆರೆಯಾಯಿತೆಂದು ಕಿವಿಗೆ ಬಿತ್ತು. ಅಷ್ಟರಲ್ಲಿ ಪವಾಡದ ಕಾಗದ ಊರಿಗೆ ಹೋಗಿ, ತಾಯಿ ಮಂತ್ರಾಲಯದ ಸೇವೆಗೆ ಹರಕೆ ಹೊತ್ತಾಗಿತ್ತು. ದ್ವಾರಕನಾಥರು ಆ ಸೆರೆಯ ಕಡೆಗೆ ಹೋಗಲಿಲ್ಲ. ಬೆನ್ನು ಕಥೆಯೊಳಗೆ ಬರಲಿಲ್ಲ.

ಆ ಆಗಸ್ಟಿನಲ್ಲಿ ಇಲ್ಲಿನ ಕನ್ನಡ ಬಳಗದವರು ರಾಯರ ಆರಾಧನೆಗೆ ಅವರ ಉಪನ್ಯಾಸ ಇಟ್ಟರು. ಪೋಸ್ಟರಿನಲ್ಲಿ ಅವರ ಮುಖ, ಬೃಂದಾವನ, ನಡುವೆ ಅವರು ಎಂದೂ ಹಾರಿಸದ ಯಾವುದೋ ಅಮೆರಿಕನ್ ವಿಮಾನ. ಅದು ವಾಟ್ಸಾಪಿನಲ್ಲಿ ದ್ವೀಪವನ್ನೆಲ್ಲ ಸುತ್ತಿತು.

ಆರಾಧನೆಯ ಬೆಳಿಗ್ಗೆ ಶಲ್ಯ ಹೊದ್ದು ಕೆಳಗಿಳಿದರೆ, ಕಟ್ಟಡದ ಬುಡದ ತೆರೆದ ಅಂಗಳವಾದ ವಾಯ್ಡ್ ಡೆಕ್ಕಿನ ಕಲ್ಲುಮೇಜಿನ ಬಳಿ ಅಪರಿಚಿತ ಮುದುಕರೊಬ್ಬರು ಕಾದಿದ್ದರು.

“ನಾನು ಬೋರಲಿಂಗಯ್ಯ, ಮಂಡ್ಯದ ಕಡೆಯವನು. ವುಡ್‌ಲ್ಯಾಂಡ್ಸಲ್ಲಿ ಮಗಳ ಮನೇಗೆ ಬಂದಿದ್ದೀನಿ. ಪೋಸ್ಟರ್ ನೋಡಿ ಬಳಗದೋರ ಹತ್ರ ನಿಮ್ಮ ವಿಳಾಸ ಇಸ್ಕೊಂಡೆ. ಗುರುತು ಸಿಗಲಿಲ್ವಾ ಸಾರ್? ಸಿಗೋಕೆ ನೀವು ನನ್ನ ಮುಖ ನೋಡಿದ್ರೆ ತಾನೇ.”

ಹಾಗೆಂದು ಅವರು ಬೆಂಚಿನ ಮೇಲಿದ್ದ ಛತ್ರಿ ಎತ್ತಿಕೊಳ್ಳಲು ಆಚೆ ತಿರುಗಿದರು. ಎಡಕ್ಕೆ ವಾಲಿದ ಹೆಗಲು. ದ್ವಾರಕನಾಥರಿಗೆ ಗುರುತು ಸಿಕ್ಕಿತು, ಕೂತುಕೊಂಡರು.

“ಹದಿನಾಲ್ಕು ದಿನ,” ಎಂದರು.

“ಹೂಂ. ದೀಪ ಹಚ್ಚಿದ್ದು ರಾಯರು, ಒಳಗೆ ಹೋಗಿದ್ದು ಬೋರಲಿಂಗಯ್ಯ. ಪರವಾಗಿಲ್ಲ ಬಿಡಿ, ಒಳಗೆ ರನ್‌ವೇಯಷ್ಟು ಚಳಿ ಇರ್ಲಿಲ್ಲ.”

“ಯಾಕೆ ಹಚ್ಚಿದ್ರಿ? ಶತ್ರು ವಿಮಾನ ಆಗಿದ್ದಿದ್ರೆ?”

“ಮೂರು ಮೇಲೆ ಹೋಗಿತ್ತು, ಎರಡು ಬಂದಿತ್ತು. ಉಳಿದೋರು ಮೊಟ್ಟೆ ಸಾಹೇಬ್ರು ಅಂತ ಗೊತ್ತಿತ್ತು.”

“ಯಾರು?”

“ನೀವೇ ಸಾರ್. ಹಾರೋಕೆ ಮುಂಚೆ ಪೈಲಟ್‌ಗಳಿಗೆ ಎರಡು ಬೇಯಿಸಿದ ಮೊಟ್ಟೆ ಕೊಡ್ತಿದ್ರಲ್ಲ. ನೀವು ಮುಖ ಅತ್ಲಾಗೆ ತಿರುಗಿಸಿಕೊಂಡು, ತಟ್ಟೆ ತಂದು ರನ್‌ವೇ ದೀಪ ಇಡೋ ನಮ್ಮ ಕೋಣೆ ಕಿಟಕೀಲಿ ಇಟ್ಟು ಹೋಗ್ತಿದ್ರಿ. ನನಗಾಗ ಇಪ್ಪತ್ತೆರಡು. ಯಾವಾಗಲೂ ಹಸಿವು. ನೀವು ಬೀಳೋದು ಅಂದ್ರೆ ನಾಳೆಯಿಂದ ಮೊಟ್ಟೆ ಇಲ್ಲ ಅಂತ. ಹಚ್ಚಿದೆ.”

ಹರಿಯಿಂದ ಹುಲ್ಲುಕಡ್ಡಿಯವರೆಗೆ ಯಾರು ಮೇಲು ಯಾರು ಕೆಳಗೆ ಎಂಬುದು ದ್ವಾರಕನಾಥರಿಗೆ ಬಾಯಿಪಾಠ. ಆ ಶ್ರೇಣಿಯಲ್ಲಿ ಬೇಯಿಸಿದ ಮೊಟ್ಟೆಯನ್ನು ಎಲ್ಲಿ ಕೂರಿಸುವುದೆಂದು ತಿಳಿಯದೆ ಒದ್ದಾಡುತ್ತಿದ್ದರು.

“ಇವತ್ತು ಎಲ್ಲ ಹೇಳಿಬಿಡ್ತೀನಿ,” ಎಂದರು ಕೊನೆಗೆ.

“ಮೊಟ್ಟೆ ವಿಷಯ ಮಾತ್ರ ಬೇಡ ಸಾರ್. ಸಾರ್ಜೆಂಟ್‌ಗೆ ಹೊಡೆದು ಒಳಗೆ ಹೋಗಿದ್ದೆ ಅಂತ ಮನೇಲಿ ಹೇಳಿದ್ದೀನಿ. ಅಳಿಯ ಇವತ್ತಿಗೂ ನನ್ನ ಕಂಡ್ರೆ ಎದ್ದು ನಿಲ್ತಾನೆ. ದೀಪ ಹಚ್ಚಿ ಹೋದೆ ಅಂದ್ರೂ ನಿಲ್ತಾನೆ, ಮೊಟ್ಟೆಗೋಸ್ಕರ ಅಂದ್ರೆ ಕೂತ್ಕೋತಾನೆ.”

“ಮತ್ತೆ ಯಾತಕ್ಕೆ ಬಂದ್ರಿ?”

“ಊಟ ಉಂಟು ಅಂತ ಪೋಸ್ಟರಲ್ಲಿ ಹಾಕಿತ್ತು.” ಬೋರಲಿಂಗಯ್ಯನವರು ಛತ್ರಿಯ ಹಿಡಿಯನ್ನು ಒಮ್ಮೆ ಬಿಗಿಹಿಡಿದು ಬಿಟ್ಟರು. “ಜೊತೆಗೆ ಒಂದು ಕೇಳೋದಿತ್ತು. ಅವತ್ತು ಇಳಿದ ಮೇಲೆ ನೀವು ನನ್ನ ನೋಡಿದ್ರಾ, ನೋಡ್ಲಿಲ್ವಾ?”

ಅಷ್ಟರಲ್ಲಿ ಲಿಫ್ಟಿನ ಬಾಗಿಲು ತೆರೆದು, ರೇಷ್ಮೆ ಸೀರೆಯ ಜಲಜಾ, “ಇನ್ನೂ ಇಲ್ಲೇ ಇದ್ದೀರಾ?” ಎನ್ನುತ್ತ ಬಂದರು. ಪ್ರಶ್ನೆ ಕಲ್ಲುಮೇಜಿನ ಮೇಲೆಯೇ ಉಳಿಯಿತು.

ಸಭಾಂಗಣ ತುಂಬಿತ್ತು. ದ್ವಾರಕನಾಥರು ಆರಂಭಿಸಿದರು. ಮೊದಲ ಸಾಲಿನಲ್ಲಿ ಜಲಜಾ ಅವರ ತುಟಿಗಳು ಕಥೆಯ ಜೊತೆಜೊತೆಗೇ ಆಡುತ್ತಿದ್ದವು. ಗಂಡನಿಗಿಂತ ಅರ್ಧ ವಾಕ್ಯ ಮುಂದೆಯೇ ಇದ್ದವು. ಏಳನೆಯ ದೀಪ ಹೊತ್ತಿತು. ಜಲಜಾ ಅವರ ತುಟಿಗಳು ಕಾವಿಯ ಅಂಚಿಗೆ ಸಿದ್ಧವಾದವು. ದ್ವಾರಕನಾಥರು ಅಲ್ಲಿಗೇ ಕಥೆ ನಿಲ್ಲಿಸಿದರು.

“ಕಾವಿ ಇರಲಿಲ್ಲ,” ಎಂದರು. “ಹರಿದ ಸ್ವೆಟರು ಇತ್ತು. ಒಬ್ಬ ಮನುಷ್ಯನನ್ನು ನಾನು ನೋಡಿದೆ. ಕಮಾಂಡರು ಕೇಳಿದಾಗ ರಾಯರೆಂದೆ. ಆತನಿಗೆ ಶಿಕ್ಷೆಯಾಯಿತೆಂದು ತಿಳಿದ ಮೇಲೂ ಬಾಯಿ ಬಿಡಲಿಲ್ಲ. ಪವಾಡ ಕೆಡುತ್ತದೆಂದು. ಅವರ ಹೆಸರು ಬೋರಲಿಂಗಯ್ಯ. ಹಿಂದಿನ ಸಾಲಿನಲ್ಲಿದ್ದಾರೆ. ಅವರು ಯಾಕೆ ಹಚ್ಚಿದರೆಂಬುದು ಅವರಿಗೂ ರಾಯರಿಗೂ ಬಿಟ್ಟದ್ದು.”

ಯಾರೋ ಎರಡು ಚಪ್ಪಾಳೆ ತಟ್ಟಿ, ತಟ್ಟಬಾರದಿತ್ತೇನೋ ಎಂದು ಕೈ ಮಡಚಿಕೊಂಡರು. ಅರ್ಚಕರಿಗೆ ಇಂಥ ಸಂದರ್ಭದ ಅನುಭವವಿರಲಿಲ್ಲವಾದರೂ ಕೈಯಲ್ಲಿ ಗಂಟೆಯಿತ್ತು. ಬಾರಿಸಿದರು. ಮಂಗಳಾರತಿ ಹತ್ತು ನಿಮಿಷ ಮೊದಲೇ ಆಗಿಹೋಯಿತು.

ಊಟದ ಬಾಗಿಲಲ್ಲಿ ಜಲಜಾ ಗಂಡನನ್ನು ತಡೆದರು.

“ನನ್ನ ಗುರುವಾರಗಳನ್ನ ಈಗ ಏನು ಮಾಡಲಿ?”

ಜಲಜಾ ನೇರವಾಗಿ ಬೋರಲಿಂಗಯ್ಯನವರ ಹತ್ತಿರ ಹೋಗಿ, ಅವರನ್ನು ಮೇಲಿಂದ ಕೆಳಗೆ ನೋಡಿದರು.

“ಸ್ವೆಟರು ಯಾವ ಬಣ್ಣದ್ದು?”

“ಬೂದಿ ಬಣ್ಣ ತಾಯಿ.”

“ಬೆಂಕಿ ಬೆಳಕಲ್ಲಿ ಸ್ವಲ್ಪ ಕೆಂಪಗೆ?”

ಬೋರಲಿಂಗಯ್ಯನವರು ಆಕೆಯ ಮುಖ ನೋಡಿ ಯೋಚಿಸಿದರು. “ಇಲ್ಲ ತಾಯಿ. ಬೂದಿನೇ.”

ಜಲಜಾ ತಲೆಯಾಡಿಸಿ ಬಡಿಸಲು ಹೋದರು.

ಪಂಕ್ತಿಯಲ್ಲಿ ಇಬ್ಬರು ಮುದುಕರು ಅಕ್ಕಪಕ್ಕ ಕೂತರು. ಹೋಳಿಗೆ ಬಂತು. ದ್ವಾರಕನಾಥರು ತಮ್ಮ ಪಾಲಿನದನ್ನೂ ಪಕ್ಕದ ಎಲೆಗೇ ಹಾಕೆಂದು ಬಡಿಸುವವರಿಗೆ ಕೈಸನ್ನೆ ಮಾಡಿದರು. ಈ ಸಲ ಮುಖ ಅತ್ತ ತಿರುಗಿಸಲಿಲ್ಲ. ಅಗಲ ಮೂಗು, ಬಲ ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ. ನೆನಪಿಟ್ಟುಕೊಂಡರು.

“ಸಾರ್, ನನಗೆ ಶುಗರ್ ಇದೆ,” ಎಂದರು ಬೋರಲಿಂಗಯ್ಯ.

ಅಷ್ಟರಲ್ಲಿ ತುಪ್ಪದ ಗಿಂಡಿ ಹಿಡಿದು ಬಂದ ಜಲಜಾ ಯಾರನ್ನೂ ಕೇಳದೆ ಆ ಎಲೆಯ ಎರಡೂ ಹೋಳಿಗೆಗಳ ಮೇಲೆ ಧಾರಾಳವಾಗಿ ಸುರಿದು ಮುಂದೆ ಹೋದರು. ಬೋರಲಿಂಗಯ್ಯನವರು ಅದನ್ನೊಮ್ಮೆ ನೋಡಿ, ಇಪ್ಪತ್ತೆರಡರ ಹುಡುಗನ ಹಾಗೆ ತಿನ್ನತೊಡಗಿದರು.