ಎರಡನೇ ಸಾಲು

ಮೊದಲನೇ ಸಾಲು ಬರುತ್ತಿತ್ತು. ಎರಡನೆಯದಕ್ಕೆ ಬಾಯಿ ತೆರೆದರೆ ಕಸ ಬರುತ್ತಿತ್ತು.

ಬಸವಪ್ರಭು ಬಚ್ಚಲಲ್ಲಿ ನಿಂತು ನಾಲ್ಕನೇ ಸಲ ಹಾಡಿ ನೋಡಿದ. 'ಬಾಗಿಲಿಗೆ ಬಾರವ್ವ, ಬೆಳಕು ಹರದೈತೆ.' ಇಲ್ಲಿಯವರೆಗೆ ಸರಿ. ಆಮೇಲೆ ನಾಲಿಗೆ ತಾನೇ ಹೊರಳಿಕೊಂಡು 'ಹಸಿ ಬ್ಯಾರೆ, ಒಣ ಬ್ಯಾರೆ, ಗಾಡಿ ನಿಂತೈತೆ' ಅನ್ನುತ್ತಿತ್ತು. ಅದನ್ನು ಬರೆದವನೂ ಅವನೇ, ಹಾಡಿದವನೂ ಅವನೇ. ಎಂಟು ವರ್ಷದಿಂದ ದಾವಣಗೆರೆಯ ಕಸದ ಗಾಡಿಗಳು ದಿನಾ ಬೆಳಿಗ್ಗೆ ಅವನ ದನಿಯಲ್ಲೇ ಓಣಿ ಓಣಿ ತಿರುಗುತ್ತಿದ್ದವು. ಅದಕ್ಕೂ ಮೊದಲು, ನಲವತ್ತು ವರ್ಷದ ಹಿಂದೆ, ಅದೇ ಜಾಗದಲ್ಲಿ ಬೇರೊಂದು ಸಾಲಿತ್ತು. ಆ ಸಾಲಿಗಾಗಿ ಜನ ಅವನನ್ನು ಹೆಗಲ ಮೇಲೆ ಹೊತ್ತಿದ್ದರು.

ಅದು ಏನಂತ ಅವನಿಗೆ ನೆನಪಾಗುತ್ತಿರಲಿಲ್ಲ.

ಮೈ ಒರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಫೋನು. ಕೃತಿಕಾ. ಅವನ ಹಾಡುಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿ; ಅವನ ಸಮಗ್ರ ಹಾಡುಗಳ ಪುಸ್ತಕವನ್ನು ಅವಳೇ ಸಿದ್ಧ ಮಾಡುತ್ತಿದ್ದಳು. ಸಂಜೆ ಆರಕ್ಕೆ ಪುಸ್ತಕ ಅಚ್ಚಿಗೆ ಹೋಗಬೇಕು.

"ಸರ್, ಮೊದ್ಲನೇ ಪುಟ ಒಂದೇ ಬಾಕಿ. ಎರಡ್ನೇ ಸಾಲು ಕಳಿಸಿಬಿಡ್ರಿ."

"ಕಳಿಸ್ತೀನಮ್ಮ. ಒಂಚೂರು ತಿದ್ದಬೇಕು."

"ನಲವತ್ತು ವರ್ಷದ ಹಾಡು ಸರ್. ಈಗ ತಿದ್ದೋದಾ?"

"ಒಂದು ಅಕ್ಷರ."

ಅವಳು ನಕ್ಕಳು. ಎಲ್ಲಾ ಕಡೆ ಹುಡುಕಿದೆ, ಸಿಗುವುದೆಲ್ಲ ಗಾಡಿಯ ಹಾಡೇ ಅಂದಳು. ಮುನ್ನುಡಿಯಲ್ಲಿ ಆ ಎರಡನೇ ಸಾಲಿನ ಮೇಲೆ ಅವಳು ಹನ್ನೊಂದು ಪುಟ ಬರೆದಿದ್ದಳು. ಕನ್ನಡ ಹಾಡಿನ ದಿಕ್ಕು ತಿರುಗಿದ್ದು ಅಲ್ಲಿಂದ ಎಂದು ಸಾಧಿಸಿದ್ದಳು. ಸಾಲನ್ನು ಮಾತ್ರ ಕಂಡಿರಲಿಲ್ಲ. ಅದರಿಂದ ಅವಳಿಗೇನೂ ತೊಂದರೆ ಆದಂತಿರಲಿಲ್ಲ.

ಬಸವಪ್ರಭು ಅಂಗಿ ತೊಟ್ಟು, ಹೆಂಡತಿ ಸುಮಾಗೆ ಹರಿಹರಕ್ಕೆ ಹೋಗಿ ಬರ್ತೀನಿ ಅಂದ. ಹಾಡಿನ ಹಳೆಯ ಜೊತೆಗಾರ ಖಾಜಾ ಹುಸೇನನನ್ನು ನೋಡಿ ಬರಬೇಕು. ಸುಮಾ ಅವನ ಮುಖವನ್ನು ಒಂದು ಗಳಿಗೆ ನೋಡಿದಳು. "ಈಗ ನೆನಪಾತಾ?" ಅಂದಳು, ಒಗ್ಗರಣೆ ಕಡೆಗೆ ತಿರುಗಿದಳು.

ಖಾಜಾ ಹುಸೇನನಿಗೆ ಲಕ್ವ ಹೊಡೆದು ನಾಲ್ಕು ತಿಂಗಳಾಗಿತ್ತು. ಬಲಗೈ ಬಲಗಾಲು ಹೋಗಿದ್ದವು, ಮಾತು ನಿಂತು ಹಾಂ ಅನ್ನುವುದೊಂದೇ ಉಳಿದಿತ್ತು. ಅವನ ಹೆಂಡತಿ ಮಾಬೂಬೀ ಮೂರು ಸಲ ಫೋನು ಮಾಡಿಸಿದ್ದಳು. ಒಂದು ಸಲ ಬಂದು ಹೋಗ್ರಿ ಅಂದಿದ್ದಳು. ಮೂರು ಸಲವೂ ಬಸವಪ್ರಭುವಿಗೆ ಕಾರ್ಯಕ್ರಮವಿತ್ತು.

ದೇವರಾಜ ಅರಸು ಬಡಾವಣೆಯಿಂದ ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದ. ಕಿಟಕಿ ಪಕ್ಕ ಕೂತ. ಕಂಡಕ್ಟರು ಟಿಕೀಟು ಹರಿಯುತ್ತ ಅವನ ಮುಖ ನೋಡಿ ನಿಂತ.

"ಗಾಡಿ ಹಾಡಿನವರಲ್ರಿ ನೀವು? ಪೇಪರಿನಾಗೆ ಫೋಟೋ ನೋಡಿದ್ದೆ."

"ಹೌದು."

"ಭಾಳ ಚಲೋ ದನಿ ಬಿಡ್ರಿ." ಅವನು ಇನ್ನೂ ಏನೋ ಗೌರವದ ಮಾತು ಹುಡುಕಿದ. "ಬೇರೆ ಏನಾರ ಹಾಡೀರೇನ್ರಿ?"

ಬಸವಪ್ರಭು ಹಾಡೀನಿ ಅಂದ. ಕಂಡಕ್ಟರು ಸಂತೋಷದಿಂದ ತಲೆಯಾಡಿಸಿ ಮುಂದಿನ ಸೀಟಿಗೆ ಹೋದ.

ಬೇರೆ ಹಾಡಿದ್ದು ಮುನ್ನೂರಕ್ಕೂ ಮೇಲೆ. ಸಾರಥಿ ಎಂಬ ಹೊಲದ ಊರಿನಿಂದ ಬಿ.ಎ. ಓದಲು ಬಂದ ಹುಡುಗ, ಹತ್ತಿ ಮಿಲ್ಲಿನ ಮುಷ್ಕರದ ಗಲಾಟೆಯಲ್ಲಿ ಸಿಕ್ಕಿಕೊಂಡ. ಮಿಲ್ಲಿನಲ್ಲಿ ನೂಲು ತೆಗೆಯುವ ಕೆಲಸಕ್ಕಿದ್ದ ಖಾಜಾ ಹುಸೇನ ದಮ್ಮಡಿ ಬಾರಿಸುತ್ತಿದ್ದ. ಗೇಟಿನ ಮುಂದೆ ಇವನು ಒಂದು ಸಾಲು ಎತ್ತಿದರೆ ಅವನು ಇನ್ನೊಂದು ಸಾಲಿಗೆ ದನಿಗೂಡಿಸುತ್ತಿದ್ದ. ನಾಲ್ಕು ಸಾವಿರ ಜನ ಆಗ ಉಸಿರು ಬಿಗಿಹಿಡಿದು ಕೇಳಿದ್ದರು. ಕ್ಯಾಸೆಟ್ಟು ಬಂತು. ಕಾಲೇಜಿನಲ್ಲಿ ಕನ್ನಡ ಮೇಷ್ಟ್ರ ಕೆಲಸ ಬಂತು. ಶಾಲು, ಹಾರ, ಪ್ರಶಸ್ತಿ, ದೂರದೂರದ ಕನ್ನಡ ಸಂಘಗಳ ಆಮಂತ್ರಣ. ಖಾಜಾ ಹುಸೇನ ಕೆಲವು ವರ್ಷ ಜೊತೆಗೆ ಬಂದ. ಆಮೇಲೆ ವೇದಿಕೆಗೆ ತಬಲಾ, ಕೀಬೋರ್ಡು ಬಂದವು. ಅವನಿಗೆ ಬರಬೇಡ ಅಂತ ಯಾರೂ ಹೇಳಲಿಲ್ಲ. ಬಾ ಅಂತಲೂ ಹೇಳಲಿಲ್ಲ.

ಮೊದಲ ಪುಸ್ತಕ ಅಚ್ಚಾದಾಗ ಅದನ್ನು ಬಿಡುಗಡೆ ಮಾಡಲು ಒಪ್ಪಿದವರು ಮಿಲ್ಲಿನ ಸಾಹುಕಾರರು. ಮಿಲ್ಲು ಅಷ್ಟರಲ್ಲಿ ಮುಚ್ಚಿತ್ತು. ಆದರೂ ಮುಷ್ಕರದ ಆ ಹಾಡು ಪುಸ್ತಕದಲ್ಲಿ ಇರಬಾರದೇನೋ ಅನ್ನಿಸಿತು. ಯಾರೂ ಕೇಳಿರಲಿಲ್ಲ, ಬಸವಪ್ರಭು ತಾನಾಗಿಯೇ ಆ ಪುಟ ತೆಗೆದ. ಎಷ್ಟೋ ವರ್ಷ ಕಳೆದ ಮೇಲೆ ಸ್ವಚ್ಛತೆಯ ಸಮಿತಿಯವರು ಮನೆಗೇ ಬಂದು, ಜನರ ಬಾಯಲ್ಲಿ ಉಳಿದ ರಾಗ ನಿಮ್ಮದು, ಒಂದು ಸಾಲು ಬದಲಿಸಿ ಕೊಡಿ ಎಂದು ಕೈಮುಗಿದರು. ಅವನಿಗೆ ಆಗ ನಿಜವಾಗಿಯೂ ಹಿಗ್ಗಾಗಿತ್ತು. ಹತ್ತು ನಿಮಿಷದಲ್ಲಿ ಬರೆದುಕೊಟ್ಟ. ಮೂರು ವರ್ಷದ ಹಿಂದೆ ಹರಿಹರದವರೂ ಅದನ್ನೇ ಕೇಳಿ ಪಡೆದರು.

ಕ್ಯಾಸೆಟ್ಟು ಬೂಸಲು ಹಿಡಿದು ಸುರುಳಿ ಅಂಟಿಕೊಂಡಿತ್ತು. ಹೊಸದೊಂದು ಸಾಲು ಬರೆದು ಕಳಿಸಿಬಿಡೋಣ ಅಂತ ಮೂರು ದಿನ ಕೂತಿದ್ದ. ಹನ್ನೆರಡು ಸಾಲು ಬರೆದ. ಹನ್ನೆರಡೂ ಚೆನ್ನಾಗಿದ್ದವು. ಅದೇ ತೊಂದರೆಯಾಗಿತ್ತು.

ಬಸ್ಸು ದೊಡ್ಡಬಾತಿ ದಾಟಿತು. ಆ ಸಾಲು ಇನ್ನು ಎಲ್ಲಾದರೂ ಇದ್ದರೆ ಒಬ್ಬನ ತಲೆಯೊಳಗೆ ಇರಬೇಕು. ಆ ತಲೆಗೆ ಏನಾದರೂ ಆಗುವ ಮುಂಚೆ ತಲುಪಬೇಕು ಎಂದುಕೊಂಡ. ಗೆಳೆಯನ ಬಗ್ಗೆ ಎಂದುಕೊಂಡದ್ದು ಇಷ್ಟೇ ಅಂತ ಗೊತ್ತಾಗಿ, ಕಿಟಕಿಯ ಗಾಜು ಸರಿಸಿ ಹೊರಗೆ ನೋಡಿದ. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ.

ಹರಿಹರದ ಆ ಓಣಿಯಲ್ಲಿ ಮನೆಗಳು ಒಂದರ ಹೆಗಲಿಗೆ ಒಂದು ಒರಗಿದ್ದವು. ಮಾಬೂಬೀ ಬಾಗಿಲು ತೆರೆದವಳು ಸೆರಗನ್ನು ತಲೆಗೆ ಎಳೆದುಕೊಂಡು, "ಬರ್ರಿ ಪ್ರಭಣ್ಣ, ಕೂಡ್ರಿ" ಅಂದಳು. ಬೈಯಬಹುದು ಅಂತ ಅವನು ಸಿದ್ಧನಾಗಿ ಬಂದಿದ್ದ. ಅವಳು ಬೈಯಲಿಲ್ಲ. ಯಾರು ಬರದಿದ್ದರೂ ನೀವು ಬಂದೇ ಬರ್ತೀರಿ ಅಂತ ಇವರಿಗೆ ದಿನಾ ಹೇಳ್ತಿದ್ದೆ ಅಂದಳು. ಅವಳ ಸೊಸೆ ಸಬಾ ಕುರ್ಚಿಯ ಮೇಲಿನ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಚಹಾ ಮಾಡಲು ಮಾಬೂಬೀಯೂ ಹೋದಳು.

ಖಾಜಾ ಹುಸೇನ ಗೋಡೆಗೆ ದಿಂಬು ಕೊಟ್ಟು ಮಂಚದ ಮೇಲೆ ಕೂತಿದ್ದ. ಬಾಯಿ ಒಂದು ಕಡೆಗೆ ಜಾರಿತ್ತು. ಕಣ್ಣು ಮಾತ್ರ ಹಳೆಯವು. ಇವನನ್ನು ಕಂಡು ಅವು ತುಂಬಿ ಬಂದವು.

ಬಸವಪ್ರಭು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. ಅಡಿಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

"ಖಾಜಾ, ಮಿಲ್ಲಿನ ಹಾಡಿಂದು ಎರಡ್ನೇ ಸಾಲು ಏನದು?"

ಹೇಗಿದ್ದೀಯ ಅಂತ ಕೇಳಿರಲಿಲ್ಲ. ಅದು ಹೊಳೆದದ್ದು ಪ್ರಶ್ನೆ ಬಾಯಿಂದ ಬಿದ್ದ ಮೇಲೆ.

"ಹಾಂ" ಅಂದ ಖಾಜಾ ಹುಸೇನ.

"ಬಾಗಿಲಿಗೆ ಬಾರವ್ವ. ಅದರ ಮುಂದಿಂದು."

"ಹಾಂ."

ಬಸವಪ್ರಭು ಜೇಬಿನಿಂದ ಪೆನ್ನು, ಮಡಚಿದ ಹಾಳೆ ತೆಗೆದು, ಅವನ ಎಡಗೈ ಬೆರಳುಗಳ ನಡುವೆ ಪೆನ್ನು ಸಿಕ್ಕಿಸಿದ. ಕೈ ನಡುಗುತ್ತ ಒಂದು ಗೆರೆ ಎಳೆಯಿತು. ಗೆರೆ ಹಾಳೆ ದಾಟಿ, ಚಾದರ ದಾಟಿ, ಖಾಜಾ ಹುಸೇನನ ಮೊಣಕಾಲಿನ ಮೇಲೆ ಹೋಗಿ ನಿಂತಿತು. ಬಸವಪ್ರಭು ಹಾಳೆಯನ್ನು ಕಿತ್ತುಕೊಂಡ. ಬೇಕಾದ್ದಕ್ಕಿಂತ ಜೋರಾಗಿಯೇ ಕಿತ್ತುಕೊಂಡ.

ಮಾಬೂಬೀ ಚಹಾದ ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

"ಕೇಳಿದ್ರೆ ಹೇಳಲ್ಲ ಅವ್ರು" ಅಂದಳು. "ಡಾಕ್ಟ್ರು ಒಂದು ಮಾತು ಹೇಳ್ಯಾರೆ. ಮಾತು ಹೋದೋರಿಗೂ ಹಾಡು ಉಳಿದಿರ್ತೈತಂತೆ ತಲಿಯಾಗೆ. ಜೊತಿಗೆ ಹಾಡಿದೋರು ಯಾರಾದ್ರೂ ಎತ್ತಿಕೊಟ್ರೆ ಬಂದ್ರೂ ಬರಬೌದಂತೆ. ಅದಕ್ಕೇ ನಿಮಗ್ ಫೋನ್ ಮಾಡ್ಸಿದ್ದು."

"ಹೌದಾ" ಅಂದ ಬಸವಪ್ರಭು. ಫೋನಿನಲ್ಲಿ ಅವಳ ಮಗ ಆಸಿಮ್ ಅಷ್ಟೂ ವಿವರಿಸಿದ್ದ. ತಾನು ಹೂಂ ಹೂಂ ಅಂದದ್ದು ನೆನಪಿತ್ತು.

"ನಿಮಗೆ ಬರ್ತೈತಾ ಆ ಹಾಡು?" ಅಂತ ಅವಳನ್ನೇ ಕೇಳಿದ.

"ನನಗೆಲ್ಲಿ ಬರ್ಬೇಕು. ನೀವಿಬ್ರು ಗೇಟಿನಾಗೆ ಹಾಡ್ತಿದ್ರಿ, ನಾ ಇಲ್ಲಿ ಕೂಸು ಮಲಗಿಸ್ತಿದ್ದೆ." ಲೋಟವನ್ನು ಅವನ ಕೈಗೆ ಕೊಟ್ಟಳು. "ಹಾಡ್ರಿ ಪ್ರಭಣ್ಣ."

ಅವನು ಲೋಟ ಕೆಳಗಿಟ್ಟ. ಒಂದೇ ಸಾಲು. ತನ್ನ ಬದುಕಿನಲ್ಲಿ ಸುಳ್ಳಲ್ಲದ್ದು ಒಂದಿತ್ತು ಅನ್ನುವುದಕ್ಕೆ ಅದೊಂದು ಸಾಕಿತ್ತು.

"ಬಾಗಿಲಿಗೆ ಬಾರವ್ವ, ಬೆಳಕು ಹರದೈತೆ."

ಹಾಡಿ ನಿಲ್ಲಿಸಿದ. ಖಾಜಾ ಹುಸೇನನ ಎಡಗೈ ಚಾದರದ ಮೇಲೆ ತಾಳ ಹುಡುಕಿತು. ಹುಡುಕಿ ಹಿಡಿಯಿತು. ಗಂಟಲು ಕದಲಿತು. ಜಾರಿದ ಬಾಯಿ ನೆಟ್ಟಗಾಯಿತು.

"ಹಸಿ ಬ್ಯಾರೆ, ಒಣ ಬ್ಯಾರೆ, ಗಾಡಿ ನಿಂತೈತೆ."

ಒಂದು ಅಕ್ಷರವೂ ತೊದಲಲಿಲ್ಲ. ಶ್ರುತಿ ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ.

ಮಾಬೂಬೀ ಬಾಗಿಲ ಚೌಕಟ್ಟು ಹಿಡಿದುಕೊಂಡು ಕುಸಿದಳು. ಯಾ ಅಲ್ಲಾ ಅನ್ನುತ್ತ ಅತ್ತಳು, ನಕ್ಕಳು. ಸಬಾ ಓಡಿ ಬಂದವಳು ಫೋನು ತೆಗೆದು ಚಿತ್ರ ಹಿಡಿಯತೊಡಗಿದಳು. ನಾಲ್ಕು ತಿಂಗಳ ಮೇಲೆ ಮೊದಲ ಮಾತು. ಆಸಿಮ್‌ಗೆ ಕಳಿಸಬೇಕು ಅಂದಳು.

"ಇನ್ನೊಂದ್ಸಲ ಅಂಕಲ್. ಇನ್ನೊಂದೇ ಸಲ."

ಅವನು ಎತ್ತಿಕೊಟ್ಟ. ಖಾಜಾ ಹುಸೇನ ಕಸವನ್ನು ಬೇರೆ ಮಾಡಿದ. ಬಸವಪ್ರಭು ಈ ಸಲ ನಿಧಾನ ಮಾಡಿದ, ಗೇಟಿನ ಮುಂದೆ ಹಾಡುತ್ತಿದ್ದ ಎತ್ತರದ ಸ್ಥಾಯಿಗೆ ಒಯ್ದ. ಇದರ ಕೆಳಗೆ ಅದು ಇರಬೇಕು, ಇನ್ನೂ ಸ್ವಲ್ಪ ಅಗೆದರೆ ಸಿಗಬೇಕು. ಖಾಜಾ ಹುಸೇನನೂ ಆ ಎತ್ತರಕ್ಕೆ ಏರಿ ಬಂದ, ಹಳೆಯ ಗೆಳೆಯನ ಹಾಗೆ, ಒಂದು ಮೆಟ್ಟಿಲೂ ತಪ್ಪದೆ. ಗಾಡಿ ನಿಂತೈತೆ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಮುಖದಲ್ಲಿ ಅಂಥ ಸುಖವನ್ನು ಬಸವಪ್ರಭು ಯಾವ ಕೇಳುಗನಲ್ಲೂ ಕಂಡಿರಲಿಲ್ಲ.

ಜೇಬಿನಲ್ಲಿ ಫೋನು ನಡುಗಿತು. ಕೃತಿಕಾ ಇರಬೇಕು. ನಡುಗಿ ನಡುಗಿ ನಿಂತಿತು.

"ಬಾಗಿಲು ತೆಗಿಯವ್ವ ಸಬಾ" ಅಂದಳು ಮಾಬೂಬೀ. "ನಾಕು ಮಂದಿ ಕೇಳ್ಲಿ."

ಸಬಾ ಬೀದಿಯ ಕದ ಪೂರಾ ತೆರೆದಳು. ಬಸವಪ್ರಭು ಆಗಲೇ ಮೊದಲನೇ ಸಾಲು ಎತ್ತಿದ್ದ. ಎತ್ತರದ ದನಿ ಹೊರಗೆ ಹೋಯಿತು, ಖಾಜಾ ಹುಸೇನನ ದನಿ ಅದರ ಬೆನ್ನಿಗೆ ಹೋಯಿತು. ಏಳನೆಯ ಸಲವೋ, ಎಂಟನೆಯ ಸಲವೋ.

ಹೊರಗೆ ನಡುಮಧ್ಯಾಹ್ನದ ಬಿಸಿಲು. ಎದುರು ಮನೆಯ ಹೆಂಗಸು ಒದ್ದೆಗೈಯಲ್ಲಿ ಹಸಿರು ಬಕೀಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಅದರಾಚೆಯ ಮನೆಯವಳು ನೀಲಿ ಬಕೀಟು ತಂದಳು. ಅದರಾಚೆ ಒಬ್ಬ ಮುದುಕಿ, ಅದರಾಚೆ ಇನ್ನೊಬ್ಬಳು, ಓಣಿಯ ತುದಿಯವರೆಗೂ. ಈ ಹೊತ್ತಿನಲ್ಲಿ ಗಾಡಿ ಯಾಕೆ ಬಂತು ಅಂತ ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಿದ್ದರು. ಯಾರೂ ಈ ಮನೆಯ ಕಡೆ ನೋಡಲಿಲ್ಲ. ಎಲ್ಲರೂ ತಿರುವಿನ ಕಡೆ ನೋಡುತ್ತಿದ್ದರು.

ಖಾಜಾ ಹುಸೇನ ಎಡಗೈ ಎತ್ತಿ ಹಿಡಿದು, ಬಾಯಿ ಅರೆ ತೆರೆದು, ಮೊದಲನೇ ಸಾಲಿಗೆ ಕಾಯುತ್ತಿದ್ದ.

ಬಸವಪ್ರಭು ಉಸಿರು ಎಳೆದುಕೊಂಡ. ಮುದುಕಿ ಬಕೀಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದಳು.