ಅರ್ಧ ನಿಮಿಷ ಹಿಂದಿನ ಟಿವಿ

ಮಗಳು ಭಾರ ಎತ್ತುವ ದಿನ ಅಮ್ಮ ಹಿಂದಿನ ಕೋಣೆ ಬಿಟ್ಟು ಹೊರಗೆ ಬರಕೂಡದು ಎಂಬುದು ಆ ಮನೆಯ ಕಟ್ಟುಪಾಡು. ಹೊರಗಿನವರು ಯಾರೂ ಹೇರಿದ್ದಲ್ಲ, ಮನೆಯವರೇ ಮಾಡಿಕೊಂಡದ್ದು. ಅಮ್ಮ ಮಗಳ ಸ್ಪರ್ಧೆ ನೋಡಿದ್ದು ಎರಡೇ ಸಲ. ಮೊದಲ ಸಲ ಶಾಲೆಯ ಸಭಾಂಗಣದಲ್ಲಿ; ಕಬ್ಬಿಣದ ಬಾರ್ ಹುಡುಗಿಯ ಕೈಜಾರಿ ಧೊಪ್ಪನೆ ಬಿತ್ತು. ಎರಡನೆಯ ಸಲ ಕ್ರೀಡಾಂಗಣದ ಬಾಗಿಲ ಸಂದಿಯಿಂದ ಇಣುಕಿದ್ದಳು ಅಷ್ಟೆ. ಅವತ್ತು ಮಗಳ ಮಂಡಿ ಉಳುಕಿತು. ಅಮ್ಮ ನೋಡದೇ ಇದ್ದಾಗಲೂ ಮಗಳು ಸೋತು ಬಂದದ್ದುಂಟು. ಆದರೆ ಆ ಲೆಕ್ಕ ಯಾರಿಗೆ ಬೇಕು?

ಹೆತ್ತವಳ ಕಣ್ಣು ಆಗಿಬರುವುದಿಲ್ಲ ಎಂದು ಅತ್ತೆ ತೀರ್ಪು ಕೊಟ್ಟರು. ಬಸ್ ಓಡಿಸುವ ಗಂಡ, ಇಡೀ ಬಸ್ಸಿಗೆ ಜೋರು ಮಾಡುವ ಆಸಾಮಿ, ತನ್ನ ತಾಯಿಯ ಮುಂದೆ ಕೋಲೆ ಬಸವನ ಹಾಗೆ ತಲೆಯಾಡಿಸಿದ. ಹೊಟ್ಟೆ ಉರಿಸುವ ಸಂಗತಿಯೆಂದರೆ ಅಮ್ಮನೂ ಅದನ್ನು ನಂಬಿಬಿಟ್ಟಳು. ಊರಿಗೆ ಊರೇ ಅವಳ ಮಗಳನ್ನು ಬಾಯಿಬಿಟ್ಟುಕೊಂಡು ನೋಡುತ್ತಿದ್ದಾಗ ಅವಳು ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಅಂಗಿಗೆ ಕಾಲರ್ ಕೂರಿಸುತ್ತಿದ್ದಳು.

ಇವತ್ತು ಅಂತಿಮ ಸ್ಪರ್ಧೆ. ನಡೆಯುತ್ತಿರುವುದು ಸಮುದ್ರದಾಚೆಯ ದೇಶದಲ್ಲಿ. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಮೈದುನ ಹೋದ ತಿಂಗಳಷ್ಟೇ ಮಾಡಿನ ಮೇಲಿನ ಡಿಶ್ ಕಿತ್ತುಹಾಕಿ, ಇಂಟರ್ನೆಟ್ಟಿನಲ್ಲಿ ಚಾನೆಲ್ ಬರುವ ಪುಟ್ಟ ಡಬ್ಬಿಯೊಂದನ್ನು ಟಿವಿಗೆ ಸಿಕ್ಕಿಸಿದ್ದ. ತಿಂಗಳ ಚಂದಾ ಕಟ್ಟಿದರಾಯಿತು, ಎಲ್ಲ ಚಾನೆಲ್ಲೂ ಕನ್ನಡಿಯ ಹಾಗೆ ಬರುತ್ತವೆ ಎಂದು ಕೊಚ್ಚಿಕೊಂಡಿದ್ದ. ಎದುರಿನ ಸೈಕಲ್ ರಿಪೇರಿ ಅಂಗಡಿಯಲ್ಲಿ ಮಾತ್ರ ಹಳೆಯ ಡಿಶ್ಶೇ ಇತ್ತು. ಅಲ್ಲಿ ಅರ್ಧ ಬೀದಿ ನೆರೆದಿತ್ತು.

ಅಮ್ಮ ಹಿಂದಿನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಕಿವಿಗೆ ಏನೂ ಬೀಳದಿರಲಿ ಎಂದು ಜೋರಾಗಿ ಯಂತ್ರ ತುಳಿಯತೊಡಗಿದಳು. ನೂಲು ತುಂಡಾಯಿತು. ಸೂಜಿಗೆ ಪೋಣಿಸುತ್ತಿರುವಾಗಲೇ ಬೀದಿಯಿಂದ "ಹೋ!" ಎಂಬ ಕೂಗು ಕೇಳಿಸಿತು. ಎತ್ತಿದಳೇ? ಆದರೆ ನಡುಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಆಗತಾನೇ ಕಂಡವರ ಹಾಗೆ, ಗಂಡ ಮತ್ತು ಮೈದುನ "ಹೋ!" ಎಂದು ಕಿರುಚಿದರು.

ಇದೇನಿದು, ಇವರೇನು ನಿದ್ದೆ ಮಾಡುತ್ತಿದ್ದರೇ ಎಂದುಕೊಂಡಳು.

ಎರಡನೆಯ ಸಲವೂ ಹಾಗೆಯೇ ಆಯಿತು. ಈ ಸಲ ಬೀದಿಯಿಂದ ಬಂದದ್ದು "ಅಯ್ಯಯ್ಯೋ" ಎಂಬ ಉದ್ಗಾರ. ಅರ್ಧ ನಿಮಿಷ ಕಳೆದು ಮನೆಯೊಳಗೂ ಅದೇ ಅಯ್ಯೋ. ಆಮೇಲೆ ಅತ್ತೆ ಕಿಟಕಿ ತೆರೆದು ಸೈಕಲ್ ಅಂಗಡಿಯವನ ಜನ್ಮ ಜಾಲಾಡಿದ್ದು ಕೇಳಿಸಿತು.

"ಏನಯ್ಯಾ, ನಾವಿನ್ನೂ ನೋಡೇ ಇಲ್ಲ, ಅಷ್ಟರಲ್ಲಿ ಬಾಯ್ಬಡ್ಕೋತೀರಲ್ಲ! ನಮ್ಮ ಟಿವೀಲಿ ಬರೋತನಕ ಬಾಯಿಗೆ ಬೀಗ ಹಾಕ್ಕೊಳಿ!"

ಅಮ್ಮನ ಕಾಲು ಪೆಡಲಿನ ಮೇಲೆ ಹಾಗೇ ನಿಂತಿತು. ಬಾಗಿಲ ಸಂದಿಯಿಂದ ಮೈದುನನನ್ನು ಕರೆದಳು.

"ಅವರು ಮೊದಲು, ನೀವು ಆಮೇಲೆ ಕೂಗ್ತೀರಲ್ಲ, ಯಾಕೋ?"

"ಅದು ಇಂಟರ್ನೆಟ್ ಟಿವಿ ಅತ್ತಿಗೆ. ಸ್ವಲ್ಪ ಹಿಂದೆ ಬೀಳುತ್ತೆ."

"ಅಂದ್ರೆ ನಮಗೆ ಕಾಣೋ ಹೊತ್ತಿಗೆ ಅಲ್ಲಿ ಆಗಿಹೋಗಿರುತ್ತಾ?"

"ಆಗಿ, ಮುಗಿದು, ಅವಳು ನೀರು ಕುಡೀತಿರ್ತಾಳೆ."

ಅಮ್ಮ ಅಳತೆಯ ಟೇಪನ್ನು ಕೊರಳಿನಿಂದ ತೆಗೆದು ಮೇಜಿನ ಮೇಲಿಟ್ಟಳು. ಸೀದಾ ನಡುಮನೆಗೆ ಬಂದು ನಿಂತಳು.

ಗಂಡ ಹೌಹಾರಿದ. "ಏನೇ ಇದು! ಇನ್ನು ಒಂದೇ ಒಂದು ಅವಕಾಶ ಇರೋದು. ಇದನ್ನ ಎತ್ತಿದ್ರೆ ಚಿನ್ನ. ಒಳಗೆ ಹೋಗು, ನಿನ್ನ ದಮ್ಮಯ್ಯ!"

"ರೀ, ಆಗಿಹೋಗಿದ್ದನ್ನ ನೋಡಿದ್ರೆ ನನ್ನ ಕಣ್ಣು ಏನು ಮಾಡುತ್ತೆ? ಎತ್ತಿದ್ರೆ ಎತ್ತಿಯಾಗಿರುತ್ತೆ, ಬಿಟ್ರೆ ಬಿಟ್ಟಾಗಿರುತ್ತೆ. ನಾನು ಇಲ್ಲಿ ನಿಂತು ಅದನ್ನ ಕೆಡಿಸೋಕಾಗಲ್ಲ."

ಗಂಡ ತಾಯಿಯ ಮುಖ ನೋಡಿದ. ಅತ್ತೆ ಕನ್ನಡಕ ಸರಿಮಾಡಿಕೊಂಡರು, ಟಿವಿಯನ್ನೊಮ್ಮೆ ಸೊಸೆಯನ್ನೊಮ್ಮೆ ನೋಡಿದರು. "ಲೆಕ್ಕವೇನೋ ಸರಿಯಾಗೇ ಇದೆ," ಎಂದು ಗೊಣಗಿ, ಸೋಫಾದಲ್ಲಿ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು.

ಅಮ್ಮ ಕೂರಲಿಲ್ಲ. ಅವಳ ಕಿವಿ ಬೀದಿಯ ಕಡೆಗಿತ್ತು. ಪರದೆಯ ಮೇಲೆ ಮಗಳು ಕೈಗೆ ಬಿಳಿಯ ಪುಡಿ ಹಚ್ಚಿಕೊಳ್ಳುತ್ತಿದ್ದಳು. ಸೈಕಲ್ ಅಂಗಡಿಯಲ್ಲಿ ಈ ಹೊತ್ತಿಗೆ ಎಲ್ಲ ಗೊತ್ತಾಗಿರಬೇಕು. ಕೂಗು ಬರಲಿಲ್ಲ. ಮಗಳು ಬಾರ್ ಮುಂದೆ ಬಂದು ನಿಂತಳು. ಆಗಲೂ ಬೀದಿಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಗೆದ್ದಿದ್ದರೆ ಅತ್ತೆಯ ಬೈಗುಳಕ್ಕೆ ಬಗ್ಗುವ ಬಾಯಿಗಳೇ ಅವು? ಗಂಡ ತಲೆ ತಗ್ಗಿಸಿದ.

"ಹೋಯ್ತು," ಎಂದ. "ನೋಡ್ಬೇಡ, ಸುಮ್ನೆ ಹೊಟ್ಟೆಗೆ ಬೆಂಕಿ ಹಾಕ್ಕೋಬೇಡ."

"ಹೋಗಿದ್ರೂ ನೋಡ್ತೀನಿ," ಎಂದಳು ಅಮ್ಮ. "ಗೆದ್ದಾಗ ನೋಡೋಕೆ ಊರಿದೆ. ಬೀಳೋವಾಗ ನೋಡೋಕೆ ನಾನಲ್ಲದೆ ಇನ್ಯಾರು?"

ಮಗಳು ಬಗ್ಗಿದಳು. ಒಂದೇ ಏಟಿಗೆ ಬಾರ್ ನೆಲ ಬಿಟ್ಟು ಭುಜಕ್ಕೆ ಬಂತು. ಕುಕ್ಕರಗಾಲಿನಿಂದ ಮೆಲ್ಲಗೆ, ತೊಡೆ ನಡುಗುತ್ತ, ಎದ್ದು ನಿಂತಳು. ಅಷ್ಟರಲ್ಲಿ ಚಿತ್ರ ಗಕ್ಕನೆ ನಿಂತಿತು. ಪರದೆಯ ನಡುವೆ ಪುಟ್ಟ ಚಕ್ರವೊಂದು ಸುತ್ತತೊಡಗಿತು.

ಗಂಡ ಡಬ್ಬಿಯನ್ನೂ ಅದನ್ನು ತಂದ ತಮ್ಮನನ್ನೂ ಸೇರಿಸಿ ಬೈದ. ಮೈದುನ ವೈರು ಹಿಡಿದು ಪರದಾಡಿದ. ಅಮ್ಮ ಟಿವಿಯ ಹತ್ತಿರ ಹೋಗಿ ನಿಂತಳು. ನಿಂತುಹೋದ ಚಿತ್ರದಲ್ಲಿ ಮಗಳ ಕೊರಳಿನ ನರ ಉಬ್ಬಿತ್ತು, ಕೆನ್ನೆ ಕೆಂಪಾಗಿತ್ತು, ತುಟಿ ಕಚ್ಚಿಕೊಂಡಿದ್ದಳು. ಅಮ್ಮ ತಾನೇ ಬಿಗಿ ಮಾಡಿಕೊಟ್ಟಿದ್ದ ಉಡುಪಿನ ಭುಜದ ಹೊಲಿಗೆ ಗಟ್ಟಿಯಾಗಿ ಕೂತಿತ್ತು. ಹುಟ್ಟಿದಾಗಿನಿಂದ ನೋಡಿದ ಮುಖ, ಆದರೆ ಈ ಮುಖವನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಎಷ್ಟು ವರ್ಷ ಇದನ್ನು ಕಳೆದುಕೊಂಡೆ ಎಂದು ಅಮ್ಮನಿಗೆ ದುಃಖ ಒತ್ತರಿಸಿ ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ಇಂಥವಳನ್ನು ಕೆಡಿಸುವ ತಾಕತ್ತು ನನ್ನ ಎರಡು ಕಣ್ಣಿಗಿದೆಯೆಂದು ನಂಬಿದ್ದೆನಲ್ಲ!

ಚಕ್ರ ಮಾಯವಾಯಿತು. ಮಗಳು ಒಂದು ಉಸಿರೆಳೆದು ಬಾರನ್ನು ತಲೆಯ ಮೇಲಕ್ಕೆ ನೂಕಿದಳು. ಒಂದು ಕಾಲು ಮುಂದೆ, ಒಂದು ಹಿಂದೆ. ಮೊಣಕೈ ನೆಟ್ಟಗಾಯಿತು. ಕಾಲು ಕೂಡಿಸಿದಳು. ನಿಂತಳು. ಎತ್ತಿದ್ದು ಸರಿಯೆಂದು ಮೂವರು ತೀರ್ಪುಗಾರರ ದೀಪಗಳೂ ಬಿಳಿಯಾಗಿ ಹತ್ತಿಕೊಂಡವು.

ಅಮ್ಮನ ಬಾಯಿಂದ ಹೊರಟ ಕೂಗು ಅವಳಿಗೇ ಹೊಸದು. ಅದಕ್ಕೆ ಉತ್ತರವಾಗಿ ಕಿಟಕಿಯಾಚೆಯಿಂದ ಅದರ ಹತ್ತರಷ್ಟು ದೊಡ್ಡ ಕೂಗು ಎದ್ದಿತು. ತಿರುಗಿ ನೋಡಿದರೆ ಸೈಕಲ್ ಅಂಗಡಿಯ ಮಂದಿಯೆಲ್ಲ ಕಿಟಕಿಯ ಸರಳಿಗೆ ಮುಖ ಒತ್ತಿ ನಿಂತಿದ್ದಾರೆ. ಗೆದ್ದಳೆಂದು ತಿಳಿದ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದು, ಬೆಕ್ಕಿನ ಹೆಜ್ಜೆಯಲ್ಲಿ ಬೀದಿ ದಾಟಿ ಬಂದಿದ್ದರಂತೆ.

"ಅಜ್ಜೀ, ಬಾಯಿಗೆ ಹಾಕಿದ ಬೀಗ ತೆಗೀಬೋದಾ?" ಎಂದ ಅಂಗಡಿಯವನು.

ಅತ್ತೆ ಅಳುತ್ತಿದ್ದರು. "ತೆಗಿ ತೆಗಿ, ಹಾಳಾದವನೇ!" ಎಂದರು.

ಸ್ವಲ್ಪ ಹೊತ್ತಿನಲ್ಲೇ ಗಂಡನ ಫೋನು ಬಡಿದುಕೊಂಡಿತು.

"ಅಪ್ಪಾ! ಅಮ್ಮನ್ನ ಹೊರಗೆ ಕರೀರಿ, ಮುಗೀತು ಅಂತ ಹೇಳಿ!"

ಅಮ್ಮ ಫೋನು ಕಿತ್ತುಕೊಂಡಳು. "ಹೊರಗೇ ಇದೀನಿ ಕಣೆ. ನೋಡಿದೆ. ತುಟಿ ಕಚ್ಕೊಂಡು ನಿಂತಿದ್ಯಲ್ಲ, ಅದನ್ನೂ ನೋಡಿದೆ."

ಆ ಕಡೆಯಿಂದ ಮೂಗು ಸೇದುವ ಸದ್ದು. ಅಷ್ಟು ಭಾರ ಎತ್ತಿದವಳು ಮಗುವಿನ ಹಾಗೆ ಬಿಕ್ಕುತ್ತಿದ್ದಳು. "ಪ್ರತಿ ಸಲ ಎತ್ತೋಕೆ ಮುಂಚೆ ಜನರ ನಡುವೆ ನಿನ್ನ ಮುಖ ಹುಡುಕ್ತೀನಮ್ಮ. ಇರಲ್ಲ ಅಂತ ಗೊತ್ತಿದ್ರೂ ಹುಡುಕ್ತೀನಿ. ಮುಂದಿನ ಸಲ ಬರ್ತೀಯಾ?"

ಗಂಡ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ. "ಅಲ್ಲಿ ಎದುರೆದುರೇ ಕಣೆ. ಈ ಟಿವಿ ಥರ ಹಿಂದೆ ಬೀಳಲ್ಲ. ಯೋಚನೆ ಮಾಡಿ ಹೇಳು."

ಅಮ್ಮ ಅವನನ್ನು ಮೊಣಕೈಯಿಂದ ಆಚೆ ತಳ್ಳಿದಳು.

"ಬರ್ತೀನಿ," ಎಂದಳು, ಬೀದಿಗೆಲ್ಲ ಕೇಳುವ ಹಾಗೆ. "ನಿನಗೆ ಕಾಣೋ ಹಾಗೆ ಕೂರ್ತೀನಿ. ಎತ್ತಿದ್ರೂ ನೋಡ್ತೀನಿ, ಬಿಟ್ರೂ ನೋಡ್ತೀನಿ."